ಕಲರ್ ಮಷೀನಿನ ಹಣೆ

ಕಂಪ್ಲಿಯಲ್ಲಿ ನಮ್ಮ ಮನೆ ಇರುವುದು ಅಕ್ಕಿ ಮಿಲ್ಲಿನ ಹಿಂದಿನ ಓಣಿಯಲ್ಲಿ. ಬೆಳಿಗ್ಗೆ ಮಿಲ್ಲು ಶುರುವಾದರೆ ಅಡುಗೆಮನೆಯ ತಟ್ಟೆಗಳು ಸಣ್ಣಗೆ ನಡುಗುತ್ತವೆ. ಒಣಗಿದ ಸೀರೆಯನ್ನು ಚೆನ್ನಾಗಿ ಕೊಡವಿ ಮಡಚಬೇಕು, ಇಲ್ಲದಿದ್ದರೆ ತೌಡಿನ ಧೂಳು ಬೀರುವಿನೊಳಗೂ ಸೇರಿಕೊಳ್ಳುತ್ತದೆ. ನನ್ನ ಗಂಡ ಆ ಮಿಲ್ಲಿನಲ್ಲಿ ಫಿಟ್ಟರ್. ನನ್ನ ತಾಯಿಯ ತಂಗಿ, ನನ್ನ ಚಿಗವ್ವ, ಅಲ್ಲಿಯೇ ಅಕ್ಕಿ ಆರಿಸುತ್ತಿದ್ದಳು.

ಮಿಲ್ಲಿನ ಹಿಂದೆ ಒಂದು ತಗಡಿನ ಶೆಡ್ಡು. ಅದರಲ್ಲಿ ಹೆಂಗಸರು ಸಾಲಾಗಿ ಕೂತು, ಮೊರದಲ್ಲಿ ಅಕ್ಕಿ ಹರವಿಕೊಂಡು, ಕಪ್ಪು ಕಾಳು, ಹಳದಿ ಕಾಳು, ಕಲ್ಲು ತೆಗೆಯುತ್ತಿದ್ದರು. ಮಧ್ಯಾಹ್ನ ಚಿಗವ್ವ ರೊಟ್ಟಿ ಗಂಟು ಹಿಡಿದು ನಮ್ಮ ಮನೆಗೆ ಬರುವಳು. ನಾನು ಪಲ್ಯ ಹಾಕಬೇಕು. ತಿಂದಾದ ಮೇಲೆ ಸುಮ್ಮನೆ ಕೂರುವವಳಲ್ಲ, ನಮ್ಮ ಮನೆಯ ಅಕ್ಕಿಯನ್ನೂ ಮುಂದೆ ಎಳೆದುಕೊಳ್ಳುವಳು. ಕಣ್ಣು ನನ್ನ ಮೇಲೆ, ಮಾತು ಓಣಿಯವರ ಮೇಲೆ, ಬೆರಳು ಮಾತ್ರ ಮೊರದಲ್ಲಿ.

ಹೊಸ ಯಂತ್ರದ ಸುದ್ದಿಯನ್ನು ಗಂಡ ಕೈ ತೊಳೆಯುತ್ತಾ ಹೇಳಿದ. "ಕಲರ್ ಮಷೀನ್ ಬರ್ತೈತಿ."

"ಅದೇನ್ ಮಾಡ್ತೈತಿ?"

"ಅತ್ತಿ ಮಾಡೋದನ್ನ," ಎಂದ. ನನ್ನ ಚಿಗವ್ವನನ್ನು ಅವನು ಅತ್ತಿ ಎಂದೇ ಕರೆಯುವುದು.

ಆ ಯಂತ್ರದ ಒಳಗೆ ಕ್ಯಾಮೆರಾಗಳಿವೆಯಂತೆ. ಮೇಲಿಂದ ಬೀಳುವ ಒಂದೊಂದು ಕಾಳನ್ನೂ ಅದು ಗಾಜಿನ ಹಿಂದಿನಿಂದ ನೋಡಿ, ಬಣ್ಣ ಸರಿಯಿಲ್ಲದ್ದನ್ನು ಗಾಳಿ ಊದಿ ಬೇರೆ ಕೊಳವೆಗೆ ತಳ್ಳುತ್ತದೆ. ಅದರಲ್ಲಿ ಹಾಯದ ಅಕ್ಕಿಯನ್ನು ಈಗ ದೊಡ್ಡ ಊರಿನ ವ್ಯಾಪಾರಿಗಳು ಕೇಳುವುದೇ ಇಲ್ಲ, ಪಕ್ಕದ ಮಿಲ್ಲುಗಳೆಲ್ಲ ಹಾಕಿಸಿಯಾಗಿದೆ, ನಮ್ಮ ಮಿಲ್ಲಿನ ಸಾವ್ಕಾರ್ರಿಗೂ ಬೇರೆ ದಾರಿ ಇಲ್ಲ ಎಂದ. ಅದನ್ನು ಮಿಲ್ಲಿನಲ್ಲಿ ಕೂರಿಸಿ ಬೋಲ್ಟು ಬಿಗಿಯುವ ಕೆಲಸ ಅವನದೇ. ಆ ರಾತ್ರಿ ಅವನು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ಕಾರ್ಖಾನೆ, ಒಳಗೆ ಮನುಷ್ಯರೇ ಇಲ್ಲ, ಹಾಗಾಗಿ ದೀಪವೂ ಇಲ್ಲ. ಕತ್ತಲಲ್ಲೇ ಯಂತ್ರಗಳ ಕೈ ಆಡುತ್ತಿವೆ. ಮರುದಿನ ಚಿಗವ್ವನಿಗೂ ತೋರಿಸಿದೆ. "ಹೋಗ್ಲಿ ಬಿಡು, ಕರೆಂಟ್ ಬಿಲ್ಲರ ಉಳೀತು ಅವ್ರಿಗೆ," ಎಂದು ರೊಟ್ಟಿ ಮುರಿದಳು.

ಯಂತ್ರ ಬಂತು. ಶೆಡ್ಡು ಖಾಲಿಯಾಯಿತು. ಕೆಲವರು ಬಾಳೆ ತೋಟದ ಕೂಲಿಗೆಂದು ಕಮಲಾಪುರದ ಕಡೆ ಹೋಗುವ ಆಟೋ ಹತ್ತಿದರು, ಕೆಲವರು ಹೊಸಪೇಟೆಯ ಹೋಟೆಲುಗಳಲ್ಲಿ ಪಾತ್ರೆ ತೊಳೆಯಲು ಸೇರಿದರು. ಚಿಗವ್ವ ಎಲ್ಲರಿಗಿಂತ ಹಳಬಳು. ಚಿಗಪ್ಪ ಹಮಾಲಿ ಮಾಡಿ ಮಾಡಿ ನಡು ಹೋಗಿ ಮನೆ ಹಿಡಿದಿದ್ದ. ಇದು ಸಾವ್ಕಾರ್ರಿಗೂ ಗೊತ್ತಿತ್ತು. "ಕಸ ಹೊಡಿ, ಚೀಲದ ಬಾಯಿ ಹೊಲಿ. ದಸರಾ ಮುಗೀಲಿ, ಕಾಯಂ ಮಾಡೋದು ನೋಡೋಣಂತ," ಎಂದಿದ್ದರು. ಆ "ನೋಡೋಣಂತ" ಎಂಬ ಮಾತನ್ನು ಚಿಗವ್ವ ಸೆರಗಿನಲ್ಲಿ ಗಂಟು ಹಾಕಿಕೊಂಡವಳಂತೆ ಓಡಾಡಿದಳು.

ಆಯುಧಪೂಜೆಗೆ ಮಿಲ್ಲಿನವರ ಮನೆಮಂದಿಯನ್ನೆಲ್ಲ ಕರೆಯುವುದು ರೂಢಿ. ಯಂತ್ರಗಳಿಗೆ ವಿಭೂತಿ ಕುಂಕುಮ ಹಚ್ಚುವುದು ಮೊದಲಿನಿಂದಲೂ ಚಿಗವ್ವನ ಪಾಲು. ವಿಭೂತಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿಕೊಂಡು ಹೊರಟಳು. ಕುಂಕುಮದ ಬಟ್ಟಲು ಹಿಡಿದು ನಾನು ಹಿಂದೆ. ಮೋಟಾರಿಗೆ, ತೂಕದ ಯಂತ್ರಕ್ಕೆ, ಚೀಲ ಹೊಲಿಯುವ ಮಷೀನಿಗೆ, ನನ್ನ ಗಂಡ ಬೋಲ್ಟು ಬಿಗಿಯುವ ಪಾನಾಗಳಿಗೆ. ಕೊನೆಗೆ ಕಲರ್ ಮಷೀನಿನ ಮುಂದೆ ನಿಂತಳು. ಬೀರುವಿನ ಹಾಗೆ ನುಣ್ಣಗೆ, ಬೆಳ್ಳಗೆ, ನಾಲ್ಕೂ ಕಡೆ ಒಂದೇ ಥರ.

"ಅಲ್ಲಲೇ ತಂಗಿ, ಇದಕ್ಕ ಹಣಿ ಎಲ್ಲೈತಿ?"

"ನಂಗೇನ್ ಗೊತ್ತು ಚಿಗವ್ವಾ. ಎಲ್ಲರ ಒಂದ್ ಕಡಿ ಹಚ್ಚು."

"ಎಲ್ಲರ ಹಚ್ಚಾಕ ಅದೇನು ಗ್ವಾಡಿನೇನು? ಕಣ್ಣು ಒಳಗೈತಿ ಅಂದಿದ್ನಲ್ಲ ಅಳಿಯ. ಕಣ್ಣಿದ್ದಲ್ಲೇ ಹಣಿ ಇರ್ತೈತಿ."

ಯಂತ್ರದ ಬಾಗಿಲು ತೆರೆದಳು. ಒಳಗೆ ಉದ್ದನೆಯ ಗಾಜು. ಅದರ ಮೇಲೆ ಮೂರು ಬೆರಳಿನಿಂದ ಉದ್ದಕ್ಕೂ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಬಾಗಿಲು ಮುಚ್ಚಿ ಕೈಮುಗಿದಳು. "ನಮ್ಮವ್ವ, ನನ್ನ ಇಲ್ಲೇ ಇರಾಕ ಬಿಡು," ಎಂದದ್ದು ನನಗೆ ಕೇಳಿಸಿತು. ಗಂಡ ಆಗ ಗೇಟಿನ ಬಳಿ ಬೂದುಗುಂಬಳ ಒಡೆಯುತ್ತಿದ್ದ.

ಬನ್ನಿ ಹಬ್ಬದ ಮರುದಿನ ಮಿಲ್ಲು ಶುರುವಾಯಿತು. ಒಳ್ಳೆಯ ಅಕ್ಕಿಯೆಲ್ಲ ಕೆಟ್ಟ ಅಕ್ಕಿಯ ಕೊಳವೆಗೆ ಹೋಗಿ ಧೋ ಎಂದು ಬೀಳತೊಡಗಿತು. ಹೊಸಪೇಟೆಯ ಗೂಡ್ಸ್ ಶೆಡ್ಡಿಗೆ ಹೋಗಬೇಕಾದ ಲಾರಿ ಬಾಗಿಲಲ್ಲಿ ನಿಂತೇ ಇತ್ತು. ಸಾವ್ಕಾರ್ರು ಕಂಪನಿಯ ಎಂಜಿನಿಯರಿಗೆ ವಿಡಿಯೋ ಕಾಲ್ ಮಾಡಿದರು. ಯಾವುದೋ ಊರಿನಲ್ಲಿ ಕೂತ ಆತ, ಬಾಗಿಲು ತೆಗೆಯಿರಿ, ಗಾಜು ತೋರಿಸಿ ಎಂದ. ನನ್ನ ಗಂಡ ತೆಗೆದ. ಒಣಗಿ ಗಟ್ಟಿಯಾದ ಮೂರು ಬಿಳಿ ಗೆರೆ, ನಡುವೆ ಕೆಂಪು ಬೊಟ್ಟು.

ಒರೆಸಿ, ಎಂದ ಎಂಜಿನಿಯರು. ಹಣೆಯ ಕುಂಕುಮ ಒರೆಸುವುದೆಂದರೆ ನಮ್ಮ ಕಡೆ ಹೆಂಗಸು ವಿಧವೆಯಾದಾಗ ಮಾಡುವ ಕೆಲಸ. ಗಂಡ ಬಟ್ಟೆ ಹಿಡಿದು ನಿಂತುಬಿಟ್ಟನಂತೆ. ಕೊನೆಗೆ ಕಣ್ಣು ಮುಚ್ಚಿ ಒರೆಸಿದೆ ಎಂದ. ಅಕ್ಕಿ ತನ್ನ ದಾರಿಗೆ ಬಂತು. ಲಾರಿ ಮಾತ್ರ ಆ ದಿನದ ಗೂಡ್ಸ್ ರೈಲಿನ ಹೊತ್ತಿಗೆ ಮುಟ್ಟಲಿಲ್ಲ.

ಮಧ್ಯಾಹ್ನ ಬುತ್ತಿ ಕೊಡಲು ಹೋದಾಗ ಸಾವ್ಕಾರ್ರು ಅಂಗಳದಲ್ಲೇ ಇದ್ದರು. "ಕೂತು ಆರ್ಸೋ ಕೆಲ್ಸ ಹೋತಂತ ಸಿಟ್ಟಿಗೆ ಮಾಡ್ಯಾಳ," ಎನ್ನುತ್ತಿದ್ದರು.

ಚಿಗವ್ವ ಕಸಬರಿಗೆ ಹಿಡಿದೇ ಬಂದಳು. "ಸಾವ್ಕಾರ್ರ, ಸಿಟ್ಟಿದ್ರ ನಾ ಅದಕ್ಕ ಕಲ್ಲು ಹಾಕ್ತಿದ್ದೆ. ವಿಭೂತಿ ಯಾಕ ಹಚ್ಚಲಿ?"

ಅವಳ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇರಲಿಲ್ಲ. ಅವರ ಕಿವಿಗೆ ಹೊಕ್ಕಿದ್ದು "ಕಲ್ಲು ಹಾಕ್ತಿದ್ದೆ" ಅಷ್ಟೇ.

"ನೋಡ್ರಿ, ಬಾಯಿ ಬಿಟ್ಟು ಹೇಳಾಕತ್ಯಾಳ!"

ನಾನು ಮುಂದೆ ಹೋಗಿ ಹೇಳಿದೆ: ಕುಂಕುಮದ ಬಟ್ಟಲು ನನ್ನ ಕೈಯಲ್ಲಿತ್ತು, ಅವಳು ಕೈಮುಗಿದದ್ದನ್ನು ಕಂಡಿದ್ದೇನೆ. "ನೀವು ಸುಮ್ನಿರ್ರೆವ್ವಾ, ನಿಮ್ಮ ಚಿಗವ್ವ, ನೀವು ಹಂಗ ಹೇಳೋರ," ಎಂದರು. ಗಂಡ ಬಾಯಿ ತೆರೆದ. ಸಾವ್ಕಾರ್ರು ಅವನನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿದರು. ತೆರೆದ ಬಾಯಿಯನ್ನು ಅವನು ಹಾಗೇ ಮುಚ್ಚಿದ. ನಾನು ಅವನನ್ನು ಬೈಯಲಿಲ್ಲ. ಬೈದು ಏನು ಮಾಡಲಿ, ನಮ್ಮ ಒಲೆಯೂ ಅದೇ ಮಿಲ್ಲಿನಿಂದ ಉರಿಯುವುದು.

ಸಾವ್ಕಾರ್ರು ಕೆಟ್ಟವರಲ್ಲ. ಕೂಗಿ ಮುಗಿದ ಮೇಲೆ ದನಿ ಇಳಿಸಿ, "ಸದ್ಯ ಮನ್ಯಾಗಿರವ್ವಾ, ಹೇಳಿ ಕಳಸ್ತೀನಿ," ಎಂದರು. ಚಿಗವ್ವ ಹಿಡಿದಿದ್ದ ಮೂಲೆಯ ಕಸ ಪೂರ್ತಿ ಹೊಡೆದು, ಕಸಬರಿಗೆಯನ್ನು ಗೋಡೆಗೆ ಒರಗಿಸಿ ಹೊರಟಳು. ಸಾವ್ಕಾರ್ರು ಹೇಳಿ ಕಳಿಸಲಿಲ್ಲ. ಚಿಗವ್ವ ಈಗ ಬಾಳೆ ತೋಟಕ್ಕೆ ಹೋಗುತ್ತಾಳೆ. ಬಾಳೆಯ ಕಲೆ ಸೀರೆಯಿಂದ ಹೋಗುವುದಿಲ್ಲ, ಎಷ್ಟು ಉಜ್ಜಿದರೂ.

ಈ ವರ್ಷದ ಪೂಜೆಗೂ ನಮ್ಮನ್ನು ಕರೆದಿದ್ದರು. ಕಲರ್ ಮಷೀನಿನ ಹೊರಬಾಗಿಲಿನ ಮೂಲೆಗೆ ಕಂಪನಿಯವರು ಅಂಗೈಯಗಲದ ಸ್ಟಿಕ್ಕರ್ ಅಂಟಿಸಿದ್ದಾರೆ, ಕುಂಕುಮ ಅಲ್ಲೇ ಹಚ್ಚಬೇಕಂತೆ. ಒಳಗಿನ ಗಾಜಿಗೆ ಹಚ್ಚಿ ಇಂಥದ್ದು ಬೇರೆ ಮಿಲ್ಲುಗಳಲ್ಲೂ ಆಗಿತ್ತಂತೆ. ಅದನ್ನು ಕೇಳಿ ನಾನು ಸಾವ್ಕಾರ್ರ ಮುಖ ನೋಡಿದೆ. ಅವರು ತೆಂಗಿನಕಾಯಿ ನೋಡುತ್ತಿದ್ದರು.

ಸಂಜೆ ಪ್ರಸಾದ ಕೊಡಲು ಹೋದೆ. ಚಿಗವ್ವ ಚಿಗಪ್ಪನ ನಡುವಿಗೆ ಎಣ್ಣೆ ತಿಕ್ಕುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಹಣಿಗೆ ಹಚ್ಚಿದ್ರೇನು?"

"ಬಾಗ್ಲಕ್ಕ ಹಚ್ಚಿದ್ವಿ. ಅಲ್ಲೇ ಹಚ್ಬೇಕಂತ."

"ಬಾಗ್ಲ ಹಣಿ ಹೆಂಗಾಕ್ಕೈತಲೇ," ಎಂದಳು. ಆಮೇಲೆ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಪ್ರಸಾದಕ್ಕೆ ಅಂಗೈ ಚಾಚಿದಳು.