ಅಕ್ಕ ಹೋಟೆಲಿನಲ್ಲಿ ಇಳಿದುಕೊಂಡದ್ದು

ನಮ್ಮಕ್ಕ ಇಪ್ಪತ್ತೆಂಟು ವರ್ಷದಿಂದ ಒಂದು ದೊಡ್ಡ ಹೋಟೆಲಿನಲ್ಲಿ ರೂಮು ಕ್ಲೀನ್ ಮಾಡುತ್ತಾಳೆ. ದಿನಕ್ಕೆ ಹದಿನಾಲ್ಕು ರೂಮು. ಪ್ರತಿ ರೂಮಿನಲ್ಲೂ ಎರಡು ಮಂಚ, ಒಂದೊಂದು ಹಾಸಿಗೆಯೂ ಹೆಣಭಾರ. ಅದರ ಮೂಲೆ ಎತ್ತಿ, ಬೆಡ್‌ಶೀಟು ಮಡಿಸಿ ಒಳಗೆ ಸಿಕ್ಕಿಸಿ ಸಿಕ್ಕಿಸಿ ಅವಳ ಸೊಂಟ ಬಿದ್ದುಹೋಗಿದೆ, ಮಂಡಿ ಸವೆದಿದೆ. ಡಾಕ್ಟರು ವಿಶ್ರಾಂತಿ ತೊಗೊಳ್ಳಿ ಅಂದರು. ಅಕ್ಕ ಆಗಲಿ ಎಂದು ತಲೆಯಾಡಿಸಿ ಮಾರನೇ ಬೆಳಿಗ್ಗೆ ಕೆಲಸಕ್ಕೆ ಹೋದಳು.

ನಾನು ಅವಳ ತಂಗಿ, ಬಸ್ ಕಂಡಕ್ಟರು. ಜನರನ್ನು ಗದರುವುದೇ ನನ್ನ ಹೊಟ್ಟೆಪಾಡು. ಇಡೀ ಬಸ್ಸು ನನ್ನ ಮಾತಿಗೆ ಹಿಂದೆ ಸರಿಯುತ್ತದೆ, ಅಕ್ಕ ಮಾತ್ರ ಸರಿಯುವುದಿಲ್ಲ. ಅವಳು ಮನೆಗೆ ಬರುವುದು ಸಂಜೆ ನಾಲ್ಕರ ನನ್ನ ಬಸ್ಸಿಗೇ. ಹತ್ತಲಿಲ್ಲ ಎಂದರೆ ನನಗೆ ಗೊತ್ತು, ಯಾವುದೋ ರೂಮಿನ ಬಾಗಿಲಿಗೆ 'ತೊಂದರೆ ಕೊಡಬೇಡಿ' ಬೋರ್ಡು ನೇತಾಡಿದೆ. ಒಳಗೆ ಮಲಗಿದವರು ಏಳುವವರೆಗೆ ಮುಟ್ಟುವಂತಿಲ್ಲ. ಉಳಿದದ್ದೆಲ್ಲ ಮುಗಿಸಿ, ಕೊನೆಗೆ ಮತ್ತೆ ಮೇಲೆ ಹತ್ತಿ ಆ ಒಂದು ರೂಮು ಮಾಡಬೇಕು. ಅಷ್ಟು ಹೊತ್ತಿಗೆ ಬಸ್ಸು ಹೋಗಿರುತ್ತದೆ. "ಆ ಬೋರ್ಡು ಕಂಡುಹಿಡಿದೋನ ಮನೆ ಹಾಳಾಗ" ಎಂದು ಅಕ್ಕ ಶಾಪ ಹಾಕುತ್ತಾಳೆ. ಅವಳ ಬಾಯಲ್ಲಿ ನಾನು ಕೇಳಿರುವ ಶಾಪ ಅದೊಂದೇ.

ಹೋದ ವರ್ಷ ಹೋಟೆಲಿನವರು ಹಳೇ ಕೆಲಸಗಾರರ ಹೆಸರು ಬರೆದು ಚೀಟಿ ಎತ್ತಿದರು. ಅಕ್ಕನ ಹೆಸರು ಬಂತು. ಬಹುಮಾನ ಅಂದರೆ ನಾಲ್ಕು ಜನಕ್ಕೆ, ನಾಲ್ಕು ರಾತ್ರಿ, ಪರದೇಶದ ಒಂದು ದೊಡ್ಡ ಊರು. ಅಕ್ಕ, ಭಾವ, ಅವರ ಮಗಳು, ಬಾಲಂಗೋಚಿಯಾಗಿ ನಾನು. ಭಾವನಿಗೆ ಊಟದ ಚಿಂತೆ, ಮಗಳಿಗೆ ಫೋನಿನಲ್ಲಿ ಬರೆದುಕೊಂಡ ನೋಡಬೇಕಾದ ಜಾಗಗಳ ಪಟ್ಟಿ. ನನಗೆ ಇದ್ದದ್ದು ಒಂದೇ ಹಟ. ಈ ನಾಲ್ಕು ರಾತ್ರಿಯಲ್ಲಿ ಒಂದು ರಾತ್ರಿಯಾದರೂ ನಮ್ಮಕ್ಕ ಹಾಸಿಗೆಯ ಮೇಲೆ ಮೈಚಾಚಿ, ತಾನಾಗಿ ಎಚ್ಚರವಾಗುವ ತನಕ ಮಲಗಬೇಕು.

ಆ ಊರಿನ ಹೋಟೆಲಿನಲ್ಲಿ ನಮಗೆ ಕೊಟ್ಟ ರೂಮಿನ ಬಾಗಿಲು ತೆಗೆದ ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಇದು ನಮ್ಮ ರೂಮೇ ಕಣೇ" ಅಂದಳು.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ಅದೇ ಕಂಪನಿಯ ಹೋಟೆಲಂತೆ. ಎಲ್ಲ ಊರಲ್ಲೂ ಒಂದೇ ಅಚ್ಚಿನ ರೂಮು. ಅದೇ ಬೂದುಬಣ್ಣದ ಪರದೆ, ಅದೇ ಎರಡು ಮಂಚ, ಗೋಡೆಯ ಮೇಲೆ ಅದೇ ದೋಣಿಯ ಚಿತ್ರ. ಅಕ್ಕ ಚೀಲವನ್ನೂ ಇಳಿಸದೆ ಹೋಗಿ ಆ ಚಿತ್ರದ ಚೌಕಟ್ಟಿನ ಮೇಲೆ ಬೆರಳಾಡಿಸಿ ನೋಡಿದಳು. "ಪರವಾಗಿಲ್ಲ, ಇಲ್ಲಿ ಮಾಡೋಳು ಒರೆಸ್ತಾಳೆ."

ಅವತ್ತು ರಾತ್ರಿ ಅವಳು ನೆಲದ ಮೇಲೆ ಮಲಗಿದಳು. ಕೆಲಸಕ್ಕೆ ಸೇರಿದ ಮೊದಲ ವಾರ, ಸುಸ್ತಾಗಿ ಒಂದು ನಿಮಿಷ ಇಂಥದೇ ಮಂಚದ ಅಂಚಿಗೆ ಕೂತಿದ್ದಳಂತೆ. ಸೂಪರ್‌ವೈಸರಮ್ಮ ನೋಡಿ ಎಲ್ಲರೆದುರು ನೀರಿಳಿಸಿದಳಂತೆ. ಅಲ್ಲಿಂದ ಇಲ್ಲಿಯವರೆಗೆ ಲಕ್ಷಗಟ್ಟಲೆ ಹಾಸಿಗೆ ಹಾಸಿದ್ದಾಳೆ, ಒಂದರ ಮೇಲೂ ಕೂತಿಲ್ಲ. "ಈಗ ನೀನೇ ಗೆಸ್ಟು ಅಕ್ಕಾ" ಅಂದೆ. "ಗೊತ್ತು ಕಣೇ. ಆದ್ರೆ ಮೈ ಒಪ್ಪಲ್ಲ" ಅಂದಳು. ಭಾವ ಒಂದು ಮಂಚದ ತುಂಬ ಹರಡಿಕೊಂಡು ಚಾಕೊಲೇಟ್ ಐಸ್‌ಕ್ರೀಮ್ ತಿನ್ನುತ್ತಾ ಅರ್ಧವನ್ನು ಬೆಡ್‌ಶೀಟಿಗೂ ತಿನ್ನಿಸಿದರು.

ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಅಕ್ಕ ಬಚ್ಚಲು ತೊಳೆದು ಮುಗಿಸಿದ್ದಳು. ನಮ್ಮನ್ನು ಎಬ್ಬಿಸಿ ಎರಡೂ ಮಂಚ ಹಾಸಿದಳು. ಐಸ್‌ಕ್ರೀಮಿನ ಕಲೆಯನ್ನು ಕಾಲಿನ ಕಡೆಗೆ ಎಳೆದು, ಹಾಸಿಗೆಯಡಿ ಮಡಿಸಿ ಮುಚ್ಚಿದಳು. ಒದ್ದೆ ಟವೆಲ್ಲುಗಳನ್ನು ಕೊಡವಿ, ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಳು.

"ಇಲ್ಲಿ ಮಾಡೋಳಿಗೂ ಹದಿನಾಲ್ಕು ರೂಮಿರುತ್ತೆ. ಒಂದಾದ್ರೂ ಕಡಿಮೆಯಾಗ್ಲಿ ಪಾಪ."

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಚಪ್ಪಲಿ ಹಾಕಿಕೊಂಡೆ.

ತಿಂಡಿಗೆ ಕೆಳಗೆ ಇಳಿದರೆ ಮದುವೆಮನೆಯ ಹಾಗೆ ಸಾಲುಸಾಲು ತಟ್ಟೆ. ಹಣ್ಣು, ಬನ್ನು, ಮೊಟ್ಟೆ, ನಾಲ್ಕು ಥರದ ಕೇಕು. ಭಾವ ಮೂರು ಸಲ ಹೋಗಿಬಂದರು. ಅಕ್ಕ ಒಂದು ಬನ್ನನ್ನು ಚಹಾದಲ್ಲಿ ಅದ್ದಿ, ಯಾರಾದರೂ ಎಬ್ಬಿಸಿ ಕಳಿಸುತ್ತಾರೇನೋ ಎಂಬಂತೆ ಬೇಗ ಬೇಗ ನುಂಗಿದಳು. ಅವಳ ಹೋಟೆಲಿನಲ್ಲಿ ಇಂಥ ಊಟದ ಕೋಣೆಯೊಳಗೆ ಕೆಲಸದವರು ಕಾಲಿಡುವಂತಿಲ್ಲ.

ಆಮೇಲೆ ಶುರುವಾಯಿತು ನಮ್ಮ ಅಲೆದಾಟ. ಹಳೇ ಸೇತುವೆ, ಗಡಿಯಾರದ ಗೋಪುರ, ಹೊಳೆಯಲ್ಲಿ ದೋಣಿ. ಮಗಳು ಮುಂದೆ ಮುಂದೆ, ಅವಳ ಹಿಂದೆ ಭಾವ, ಅವರ ಕೈಯಲ್ಲಿ ಕಾಗದದ ಪೊಟ್ಟಣದ ಕರಿದ ಮೀನು, ಕೊನೆಯಲ್ಲಿ ಕುಂಟುತ್ತಾ ಅಕ್ಕ. ಎಲ್ಲಿ ಬೆಂಚು ಕಂಡರೂ ಅವಳ ಕಣ್ಣು ಅಲ್ಲೇ. ಮ್ಯೂಸಿಯಮ್ಮಿನಲ್ಲಿ ಯಾವನೋ ರಾಜನ ಮಂಚ ಇಟ್ಟಿದ್ದರು. ಬಂಗಾರದ ಕಾಲು, ರೇಷ್ಮೆ ಹೊದಿಕೆ. ಅಕ್ಕ ಅದನ್ನು ಸುತ್ತು ಹಾಕಿ ನೋಡಿ, "ಇದಕ್ಕೆ ಶೀಟು ಹಾಕೋಕೆ ಇಬ್ಬರು ಬೇಕು" ಅಂದಳು. ನಕ್ಕು ನಕ್ಕು ಮಗಳ ಕಣ್ಣಲ್ಲಿ ನೀರು ಬಂತು. ನನಗೆ ನಗು ಬರಲಿಲ್ಲ. ನನ್ನ ಕಾಲೂ ಸೋತಿತ್ತು, ಮನಸ್ಸೂ ಸೋತಿತ್ತು.

ಎರಡನೇ ರಾತ್ರಿಯೂ ನೆಲ, ಮೂರನೇ ರಾತ್ರಿಯೂ ನೆಲ. ಬೆಳಗಾದರೆ ಅದೇ ಮಂಚ ಹಾಸುವುದು, ಅದೇ ಬಚ್ಚಲು ತೊಳೆಯುವುದು. ಹುಟ್ಟುಗುಣ ಸುಟ್ಟರೂ ಹೋಗದು ಅಂದುಕೊಂಡು ನಾನು ಕೈಚೆಲ್ಲಿದೆ.

ನಾಲ್ಕನೇ ದಿನ ಅಕ್ಕನ ಮಂಡಿ ಊದಿಕೊಂಡು ಮಧ್ಯಾಹ್ನವೇ ವಾಪಸು ಬಂದೆವು. ನಮ್ಮ ರೂಮಿನ ಬಾಗಿಲು ತೆರೆದಿತ್ತು. ಹೊರಗೆ ತಳ್ಳುಗಾಡಿ, ಅದರ ಪಕ್ಕ ಅಕ್ಕನದೇ ವಯಸ್ಸಿನ ಒಬ್ಬ ಹೆಂಗಸು, ಸೊಂಟದ ಮೇಲೆ ಕೈ, ತಲೆ ತಗ್ಗಿಸಿದ್ದಾಳೆ. ಎದುರಿಗೆ ಸೂಪರ್‌ವೈಸರು. ಅವನ ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ನಮ್ಮ ಭಾವನ ಐಸ್‌ಕ್ರೀಮ್ ಮೆತ್ತಿದ ಬೆಡ್‌ಶೀಟು. ಭಾಷೆ ಬರದಿದ್ದರೂ ಬೈಗುಳ ಬೈಗುಳದ ಹಾಗೇ ಕೇಳಿಸುತ್ತದೆ.

ಅಕ್ಕನ ಮುಖ ಕಪ್ಪಿಟ್ಟಿತು. "ಅಯ್ಯೋ, ನಾನೇ ಅವಳ ತಲೆಗೆ ತಂದೆನಲ್ಲೇ."

"ಏನಾಯ್ತು?"

"ಎರಡು ದಿನಕ್ಕೊಂದ್ಸಲ ಶೀಟು ಬದಲಾಯಿಸ್ಲೇಬೇಕು, ನಮ್ಮಲ್ಲೂ ಅದೇ ನಿಯಮ. ರೂಮು ನೀಟಾಗಿದ್ದದ್ದು ನೋಡಿ ಬೇರೆ ಯಾರೋ ಮಾಡಿದಾರೆ ಅಂತ ಇವಳು ಹಾಗೇ ಬಿಟ್ಟು ಹೋಗಿರ್ಬೇಕು. ಇವನು ಕೆಲಸ ತಪ್ಪಿಸಿದಾಳೆ ಅಂತ ಹಿಡಿದಿದಾನೆ. ನಮ್ಮ ಹೋಟೆಲಲ್ಲಿ ಹೀಗೇ ಒಬ್ಬಳನ್ನ ತೆಗೆದ್ರು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಅಕ್ಕ ಕುಂಟುತ್ತಾ ಹೋಗಿ ಬೆಡ್‌ಶೀಟು ಮುಟ್ಟಿ, ಎದೆ ತಟ್ಟಿಕೊಂಡು, "ನಾನು ಮಾಡಿದ್ದಪ್ಪಾ, ನಾನು" ಅಂದಳು. ಅವನು ನಡು ಬಗ್ಗಿಸಿ ಅಕ್ಕನಿಗೆ ಕೈಮುಗಿಯುವುದೊಂದು ಬಾಕಿ. ಗೆಸ್ಟು ಕಲೆಯ ಬಗ್ಗೆ ದೂರು ಹೇಳುತ್ತಿದ್ದಾಳೆ ಅಂದುಕೊಂಡನಲ್ಲ! ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. ಅವನು ಇನ್ನಷ್ಟು ಸಾರಿ ಹೇಳಿ, ಹೆಂಗಸಿನ ಕಡೆ ತಿರುಗಿ ಇನ್ನಷ್ಟು ಕಣ್ಣು ಕೆಂಪು ಮಾಡಿದ. ಗೆಸ್ಟು ತಾನೇ ಬಚ್ಚಲು ತೊಳೆದಳು ಅಂದರೆ ಯಾರು ನಂಬುತ್ತಾರೆ? ನಾವು ಬಾಯಿ ತೆರೆದಷ್ಟೂ ಅವಳ ಕೆಲಸಕ್ಕೇ ಕುತ್ತು.

ಅಕ್ಕ ಮಾತು ನಿಲ್ಲಿಸಿದಳು. ತಳ್ಳುಗಾಡಿಯಿಂದ ಒಗೆದ ಶೀಟು ಎಳೆದುಕೊಂಡು ಒಳಗೆ ಹೋದಳು. ಒಂದೇ ಬೀಸಿಗೆ ಶೀಟು ಮಂಚದ ಉದ್ದಕ್ಕೂ ಬಿಚ್ಚಿಕೊಂಡು ಬಿತ್ತು. ಊದಿದ ಮಂಡಿಯನ್ನು ನೆಲಕ್ಕೆ ಊರಿ ಹಾಸಿಗೆ ಎತ್ತಿದಳು, ಮೂಲೆ ಮಡಿಸಿದಳು, ಅಂಗೈಯಿಂದ ಒಳಗೆ ತಳ್ಳಿದಳು. ನಾಲ್ಕೂ ಮೂಲೆ. ದಿಂಬಿಗೆ ಎರಡು ಗುದ್ದು. ನಾನು ಅವಳ ಕೆಲಸ ಕಣ್ಣಾರೆ ನೋಡಿದ್ದು ಅದೇ ಮೊದಲು. ನೋವಿಗೆ ಅವಳು ಹಲ್ಲು ಕಚ್ಚಿದ್ದು ಕಾಣುತ್ತಿತ್ತು, ಕೈ ಮಾತ್ರ ಎಲ್ಲೂ ತಡವರಿಸಲಿಲ್ಲ.

ಮೊದಲು ಅರ್ಥವಾದದ್ದು ಆ ಹೆಂಗಸಿಗೆ. ಹಾಸಿಗೆಯ ಮೂಲೆ ಮುಟ್ಟಿ ನೋಡಿದಳು, ಅಕ್ಕನ ಅಂಗೈ ತಿರುಗಿಸಿ ನೋಡಿದಳು, ಬಾಯಿಗೆ ಸೆರಗಿಲ್ಲದ್ದಕ್ಕೆ ಕೈಯನ್ನೇ ಅಡ್ಡ ಹಿಡಿದು ನಕ್ಕಳು. ಸೂಪರ್‌ವೈಸರು ಅಕ್ಕನನ್ನೂ ಮಂಚವನ್ನೂ ಎರಡೆರಡು ಸಲ ನೋಡಿ, ಪಟ್ಟಿಯಲ್ಲಿ ಬರೆದಿದ್ದ ಏನನ್ನೋ ಹೊಡೆದುಹಾಕಿ ಹೊರಟುಹೋದ.

ಅವನು ಮರೆಯಾದದ್ದೇ ತಡ, ಆಕೆ ಅಕ್ಕನ ಮೂಗಿನ ಮುಂದೆ ಬೆರಳಾಡಿಸಿ ಚೆನ್ನಾಗಿ ದಬಾಯಿಸಿದಳು. ಇದು ನನ್ನ ಕೆಲಸ ಎಂಬಂತೆ ಮಂಚ ತೋರಿಸಿ ತನ್ನ ಎದೆ ಮುಟ್ಟಿಕೊಂಡಳು. ಆಮೇಲೆ ಅಕ್ಕನ ಭುಜ ಹಿಡಿದು ಅದೇ ಮಂಚದ ಮೇಲೆ ಕೂರಿಸಿ, ಕಾಲು ಎತ್ತಿ ಮೇಲಿಟ್ಟು, ಮಂಡಿಯ ಕೆಳಗೆ ದಿಂಬು ಕೊಟ್ಟು ಹೋದಳು.

"ಬೈದಳು ಕಣೇ" ಅಂದಳು ಅಕ್ಕ. ಮಂಚದಿಂದ ಇಳಿಯಲಿಲ್ಲ.

ಕೊನೆಯ ಬೆಳಿಗ್ಗೆ ಗಾಜಿನ ಲಿಫ್ಟಿರುವ ದೊಡ್ಡ ಟವರ್ ನೋಡುವುದೆಂದು ನಿಗದಿಯಾಗಿತ್ತು. ನಾನು ಎದ್ದಾಗ ಅಕ್ಕ ಮಂಚದ ಮೇಲೆ, ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಾ ಮಲಗಿದ್ದಳು. ನಾನು ಹುಟ್ಟಿದಾಗಿನಿಂದ ಅವಳು ನನಗಿಂತ ಮೊದಲು ಎದ್ದವಳೇ. ಅಕ್ಕ ನಿದ್ದೆಯಲ್ಲಿ ಹೇಗೆ ಕಾಣುತ್ತಾಳೆಂದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

"ಚಿಕ್ಕಮ್ಮ, ಅಮ್ಮನ್ನ ಎಬ್ಬಿಸ್ಲಾ? ಟವರ್‌ಗೆ ಹೊತ್ತಾಯ್ತು."

"ಮುಟ್ಟಿ ನೋಡು, ಏನಾಗುತ್ತೆ ಅಂತ."

ಬಸ್ಸಿನಲ್ಲಿ ಬಳಸುವ ದನಿಯನ್ನೇ ಪಿಸುಮಾತಿಗೆ ಇಳಿಸಿ ಅಂದೆ. ಮೂವರೂ ಹೊರಗೆ ಬಂದು ಕಾರಿಡಾರಿನ ನೆಲದ ಮೇಲೆ ಸಾಲಾಗಿ ಕೂತೆವು. ಭಾವ ಜೇಬಿನಿಂದ ಬನ್ನು ತೆಗೆದು ಹಂಚಿದರು.

ಅದೇ ಹೆಂಗಸಿನ ತಳ್ಳುಗಾಡಿ ಕಿರ್‌ ಕಿರ್‌ ಎನ್ನುತ್ತಾ ಬಂತು. ನಾನು ಎರಡೂ ಅಂಗೈ ಜೋಡಿಸಿ ಕೆನ್ನೆಗೆ ಇಟ್ಟುಕೊಂಡು ತೋರಿಸಿದೆ. ಆಕೆ ಬಾಗಿಲನ್ನು ಒಂದು ಗೇಣು ಸರಿಸಿ ನೋಡಿದಳು. ಒಳಗಿನ ಹಿಡಿಗೆ ತೂಗುಹಾಕಿದ್ದ ಬೋರ್ಡು ತೆಗೆದು, ಹೊರಗಿನ ಹಿಡಿಗೆ ಹಾಕಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು. ಆಮೇಲೆ ಗಾಡಿಯ ಕಿರುಗುಡುವ ಚಕ್ರವನ್ನು ಕೈಯಿಂದ ಎತ್ತಿ ಹಿಡಿದು, ಬಾಗಿಕೊಂಡೇ ದೂಡುತ್ತಾ ಕಾರಿಡಾರಿನ ಕೊನೆಯವರೆಗೆ ಹೋದಳು.

ಅಕ್ಕ ಎದ್ದದ್ದು ಹನ್ನೊಂದಕ್ಕೆ. ಕಣ್ಣುಜ್ಜುತ್ತಾ ಬಾಗಿಲು ತೆಗೆದವಳಿಗೆ ಬೋರ್ಡು ಕಂಡಿತು.

"ಯಾರೇ ಇದನ್ನ ಹಾಕಿದ್ದು? ನೀನಾ?"

"ಅವಳೇ."

ಅಕ್ಕ ಬೋರ್ಡನ್ನು ಕೈಯಲ್ಲಿ ಹಿಡಿದು ನಿಂತಳು. "ಹಾಗಾದ್ರೆ ಎಲ್ಲ ಮುಗಿಸಿ ಕೊನೆಗೆ ಮತ್ತೆ ಮೇಲೆ ಬರ್ಬೇಕಲ್ಲೇ ಅವಳು. ಬಸ್ಸು ತಪ್ಪುತ್ತಲ್ಲೇ."

"ಗೊತ್ತಿದ್ದೇ ಹಾಕಿದಾಳೆ ಅಕ್ಕಾ."

ಅವಳು ಒಳಗೆ ಹೋಗಿ ಮಂಚದ ಹತ್ತಿರ ನಿಂತಳು. ಅಭ್ಯಾಸಬಲದಿಂದ ಕೈ ಬೆಡ್‌ಶೀಟಿನ ಅಂಚಿಗೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ಇದ್ದು ಹಿಂದೆ ಬಂತು. ಮುದುರಿದ ಶೀಟು, ತಗ್ಗು ಬಿದ್ದ ದಿಂಬು ಇದ್ದ ಹಾಗೇ ಬಿಟ್ಟು, ಅಕ್ಕ ಚೀಲ ಹೆಗಲಿಗೇರಿಸಿ ಹೊರಗೆ ನಡೆದಳು.

ಸೋಮವಾರ ಮತ್ತೆ ಹದಿನಾಲ್ಕು ರೂಮಿಗೆ ಹೋದಳು, ಈಗಲೂ ಹೋಗುತ್ತಾಳೆ. ಮಂಡಿ ಹಾಗೇ ಇದೆ. ಹೋದ ವಾರ ನಾಲ್ಕರ ಬಸ್ಸಿಗೆ ಬರಲಿಲ್ಲ. ರಾತ್ರಿ ಫೋನು ಮಾಡಿ, "ಮತ್ತೆ ಬೋರ್ಡಾ?" ಎಂದು ಕೇಳಿದೆ. ಶಾಪಕ್ಕೆ ಕಾದೆ.

"ಹೂಂ ಕಣೇ" ಅಂದಳು ಅಕ್ಕ. "ಯಾರೋ ಪಾಪ, ಮಲಗಿದ್ರು."