ಲಂಡನ್ನಿಗೆ ಬುಕ್ ಮಾಡಿದ ಕಾಲ್

ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನಲ್ಲಿ ತಾಯಪ್ಪ ಇಪ್ಪತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದ. ಯಾವ ಗೇಟು ಎಷ್ಟು ಹೊತ್ತಿಗೆ ಎತ್ತಬೇಕು, ಎಷ್ಟು ಹೊತ್ತಿಗೆ ಇಳಿಸಬೇಕು ಎಂಬ ಮಾತೆಲ್ಲ ಅವನ ಬೋರ್ಡಿನ ಮೇಲೆಯೇ ಹಾದುಹೋಗುತ್ತಿತ್ತು. ಹೊತ್ತಿನ ವಿಷಯದಲ್ಲಿ ಅವನು ತಪ್ಪಿದ್ದು ಒಂದೇ ಸಲ.

೧೯೮೫ರ ಮಾರ್ಚ್ ಕೊನೆ. ಕ್ಯಾಂಪಿನ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದ ಜಹೀರುನ್ನೀಸಾ ಅವರ ಅಣ್ಣ ಲಂಡನ್ನಿನ ಆಸ್ಪತ್ರೆಯಲ್ಲಿದ್ದ. ತಾಯಿಯ ಮಣ್ಣಿಗೆ ಬರಲಿಲ್ಲವೆಂದು ಆಕೆ ಅವನೊಡನೆ ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದರು. ಇನ್ನು ಹೆಚ್ಚು ದಿನವಿಲ್ಲವೆಂದು ಕಾಗದ ಬಂತು. ವಾರ್ಡಿನೊಳಗೆ ಫೋನು ಕೊಡುವುದು ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಾತ್ರ.

“ನಮ್ಮ ಗಡಿಯಾರಕ್ಕ ಎಷ್ಟಾಗ್ತದ ತಾಯಪ್ಪಣ್ಣ?”

“ಅವರು ಐದೂವರಿ ತಾಸು ಹಿಂದ ಅದಾರ್ರಿ ಆಪಾ. ಐತವಾರ ಸಂಜಿ ಏಳೂಮುಕ್ಕಾಲಿಗೆ ಬರ್ರಿ. ನಿಮ್ಮ ಸಾಲಿ ಗಂಟಿ ಹಂಗ ತಡಾ ಆಗಂಗಿಲ್ಲ.”

ಶನಿವಾರ ಕಾಲ್ ಬುಕ್ ಮಾಡುವಾಗ ಬೊಂಬಾಯಿಯ ಆಪರೇಟರ್ ಒಂದು ಮಾತು ಹೇಳಿದ: ಇವತ್ತು ರಾತ್ರಿ ಲಂಡನ್ನಿನವರು ಬೇಸಿಗೆಗೆಂದು ಗಡಿಯಾರ ಒಂದು ತಾಸು ಮುಂದಿಡುತ್ತಾರೆ, ನೋಡಿಕೋ. ತಾಯಪ್ಪ ನಕ್ಕುಬಿಟ್ಟ. ಪಕ್ಕದಲ್ಲಿ ಕೂತಿದ್ದ ಗೇಟಿನ ಸಾಬಣ್ಣನಿಗೂ ಹೇಳಿದ:

“ತಾಸಂದ್ರ ಏನು ನಿನ್ನ ಕಾಲುವಿ ಗೇಟೇನೋ, ಬೇಕಾದಾಗ ಎತ್ತಿ ಇಳ್ಸಾಕ? ಹಳ್ಳಿಯಾಂವ ಅಂತ ನನಗ ಆಟ ಆಡಸಾಕತ್ತಾನ ಮಗ.”

ಭಾನುವಾರ ಹೇಳಿದ ಹೊತ್ತಿಗೆ ಲೈನು ಸಿಕ್ಕಿತು. ಅತ್ತಲಿಂದ ನರ್ಸು, ಇಲ್ಲಿ ಮೂರೂಕಾಲು ದಾಟಿದೆ, ಇನ್ನು ನಾಳೆ ಎಂದಳು. ತಾಯಪ್ಪ ಗೋಡೆಯ ಗಡಿಯಾರ ನೋಡಿದ. ಏಳೂಮುಕ್ಕಾಲು ದಾಟಿತ್ತಷ್ಟೆ; ಬೊಂಬಾಯಿಯವನು ಹೇಳಿದ್ದು ಆಟವಾಗಿರಲಿಲ್ಲ.

“ಏನಂದ್ರು?” ಜಹೀರುನ್ನೀಸಾ ರಿಸೀವರಿಗೆ ಕೈ ಚಾಚಿ ನಿಂತಿದ್ದರು.

“ಇವತ್ತ ಕೊಡಂಗಿಲ್ಲಂತ್ರಿ.”

“ನನ್ನ ಹೆಸರು ಕೇಳಿ ನಮ್ಮಣ್ಣ ಬ್ಯಾಡ ಅಂದ್ನೇನು?”

ಅಲ್ಲ ಎನ್ನಬೇಕಾದರೆ ತಪ್ಪು ತನ್ನದೆನ್ನಬೇಕಿತ್ತು. ತಾಯಪ್ಪ ತಲೆ ತಗ್ಗಿಸಿದ. ನಾಳೆಗೆ ಬುಕ್ ಮಾಡಲೇ ಎಂದು ಅವನು ಕೇಳುವಷ್ಟರಲ್ಲಿ ಆಕೆ ಬಾಗಿಲಲ್ಲಿದ್ದರು. “ಬ್ಯಾಡ್ರಿ,” ಎಂದರು. ಸೋಮವಾರ, ಮಂಗಳವಾರ ಹೋದವು. ಬುಧವಾರ ತಂತಿ ಬಂತು.

ಹೇಳಬೇಕು, ಹೇಳಬೇಕು ಎನ್ನುವುದರಲ್ಲೇ ಆಕೆಗೆ ಸುರಪುರಕ್ಕೆ ವರ್ಗವಾಯಿತು. ಹನ್ನೆರಡು ವರ್ಷದ ಮೇಲೆ, ನಿವೃತ್ತನಾದ ವಾರವೇ, ತಾಯಪ್ಪ ಅಲ್ಲಿಗೆ ಹೋದ. ಚಹಾ ಬರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟ.

ಜಹೀರುನ್ನೀಸಾ ಬೈಯಲಿಲ್ಲ.

“ಸಿಟ್ಟೀಲೆ ಇಷ್ಟು ವರ್ಷ ಅವನ ಹೆಸರೀಲೆ ಸತ್ತವರಿಗೆ ಓದ್ಸೋ ಫಾತಿಹಾನೂ ಓದ್ಸಿಲ್ರಿ ನಾನು,” ಎಂದರು. ಆಮೇಲೆ ಕೇಳಿದರು: “ಅವತ್ತ, ನಾ ಅಲ್ಲೇ ನಿಂತಾಗ, ನಿಮಗ ಗೊತ್ತಾಗಿತ್ತಲ್ಲ?”

“ಹೌದ್ರಿ ಆಪಾ.”