ಚಂದ್ರಿಯ ಕುಬಸ

ನನ್ನ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಿದ್ದ ವರ್ಷ ಅದು. ಆಗ ನಾವು ಶಹಾಬಾದಿನಲ್ಲಿದ್ದೆವು. ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅಂಗಡಿ ಅಂದರೆ ಮನೆಯ ಪಡಸಾಲೆಯಲ್ಲಿ ಒಂದು ಮಷೀನು, ಒಂದು ಸ್ಟೂಲು, ಅಷ್ಟೇ. ಓಣಿಯ ಹೆಂಗಸರ ಜಂಪರು ಹೊಲಿಯುವುದು ನನ್ನ ಕಸುಬು. ಅವರ ಜಗಳ ಬಿಡಿಸುವುದು ಯಾರೂ ಹೇಳದಿದ್ದರೂ ನಾನೇ ಮೈಮೇಲೆ ಹಾಕಿಕೊಂಡ ಕೆಲಸ. ಬಾಯಿ ಸ್ವಲ್ಪ ಜೋರು ನನ್ನದು.

ಪಕ್ಕದ ಮನೆಯವಳು ಭೀಮಬಾಯಿ. ನೆಲಕ್ಕೆ ಹಾಸುವ ಪರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೂಲಿ. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿಲ್ಲ. ಇದ್ದದ್ದು ಚಂದ್ರಿ ಎಂಬ ಹೆಣ್ಣುನಾಯಿ. ಹಣೆಯ ಮೇಲೆ ಬಿಳಿ ಮಚ್ಚೆ ಇತ್ತು, ಅದಕ್ಕೇ ಚಂದ್ರಿ. ಮರಿಯಾಗಿದ್ದಾಗ ಕಲ್ಲಿನ ಟ್ರ್ಯಾಕ್ಟರಿಗೆ ಸಿಕ್ಕು, ಸೊಂಟ ಮುರಿದುಕೊಂಡು ಕಾರ್ಖಾನೆಯ ಗೇಟಿನ ಹತ್ತಿರ ಬಿದ್ದಿತ್ತಂತೆ. ಭೀಮಬಾಯಿ ಅದನ್ನು ಸೆರಗಿನಲ್ಲಿ ಸುತ್ತಿ ತಂದು, ಅರಿಶಿನ ಎಣ್ಣೆ ಹಚ್ಚಿ ಉಳಿಸಿಕೊಂಡಿದ್ದಳು. ಸಂಜೆ ಅವಳು ಬರುವ ಹೊತ್ತಿಗೆ ಚಂದ್ರಿ ವಾರೆ ವಾರೆಯಾಗಿ ನಡೆಯುತ್ತ ಹೋಗಿ ರಸ್ತೆಯಲ್ಲಿ ಕೂರುತ್ತಿತ್ತು. ಆಮೇಲೆ ಅವಳ ಬುತ್ತಿಯ ಚೀಲ ಬಾಯಲ್ಲಿ ಕಚ್ಚಿಕೊಂಡು ಮುಂದೆ ಮುಂದೆ ಬರುವುದು. "ಬಂದ್ಲು ನೋಡ್ರಿ ಸಾಹುಕಾರ್ತಿ, ಕೂಲಿಯಾಕಿನ್ನ ಕರಕೊಂಡು" ಎಂದು ನಾವು ನಗುತ್ತಿದ್ದೆವು.

ಆ ಬೇಸಿಗೆಯಲ್ಲಿ ಚಂದ್ರಿ ಬಸುರಾಯಿತು. ಹೊಟ್ಟೆ ಇಳಿಬಿದ್ದು ಏಳಲಿಕ್ಕೂ ಒದ್ದಾಡುವುದನ್ನು ನೋಡಿ ನಾವಿಬ್ಬರೂ ದನದ ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರರು ಒಳ್ಳೆಯವರು. ಹೊಟ್ಟೆ ಮುಟ್ಟಿ, ಸೊಂಟ ಒತ್ತಿ ನೋಡಿ, ಕೈ ತೊಳೆದುಕೊಂಡು ಬಂದು ಮೆಲ್ಲಗೆ ಹೇಳಿದರು.

"ನೋಡ್ರಿ ಅಮ್ಮಾ, ಮುರಿದ ಎಲುಬು ಸೊಟ್ಟ ಕೂಡ್ಯಾವ. ಮರಿ ಹೊರಗ ಬರ್ಲಿಕ್ಕ ದಾರಿನೇ ಇಲ್ಲ. ತಾನೇ ಈಯಲಿ ಅಂತ ಬಿಟ್ರ ತಾಯಿನೂ ಉಳಿಯಂಗಿಲ್ಲ. ಒಂದು ವಾರದಾಗ ಕಲಬುರಗಿಗಿ ಒಯ್ದು ಆಪರೇಷನ್ ಮಾಡಸ್ರಿ."

ಅಲ್ಲಿ ತಮಗೆ ಪರಿಚಯವಿದ್ದ ಡಾಕ್ಟರರಿಗೆ ಫೋನು ಹಚ್ಚಿ, ಅವರು ಫೀಜು ತೆಗೆದುಕೊಳ್ಳದಂತೆ ಮಾತಾಡಿಯೂ ಕೊಟ್ಟರು. ಆದರೆ ಸ್ಕ್ಯಾನಿಂಗು, ಔಷಧಿ, ಹೋಗಿ ಬರುವ ಗಾಡಿ, ಇದಕ್ಕೆಲ್ಲ ರೊಕ್ಕ ಬೇಕೇ ಬೇಕಲ್ಲ. ಭೀಮಬಾಯಿಯ ತಿಂಗಳ ಕೂಲಿ ಪೂರ್ತಿ ಇಟ್ಟರೂ ಸಾಲುವಂತಿರಲಿಲ್ಲ.

ಮರುದಿನ ನಾನು ಮಗಳ ಕಾಲೇಜಿಗೆಂದು ಕೂಡಿಟ್ಟಿದ್ದರಲ್ಲಿ ಸ್ವಲ್ಪ ತೆಗೆದು ಅವಳ ಕೈಯಲ್ಲಿಡಲು ಹೋದೆ. ಕೆಂಡ ಮುಟ್ಟಿದವಳ ಹಾಗೆ ಕೈ ಹಿಂದೆ ತೆಗೆದಳು.

"ಬ್ಯಾಡ ಶಾಂತಕ್ಕ. ಗಂಡ ಸತ್ತಾಗ ಮೈದುನನ ಕಡಿಂದ ಒಂದು ಸಲ ರೊಕ್ಕ ತಗೊಂಡಿದ್ದೆ. ಬಾಜಾರದಾಗ ನಾಲ್ಕು ಮಂದಿ ಮುಂದ ಅಂದು ತೋರಿಸ್ದ. ಅವತ್ತೇ ಆಣಿ ಮಾಡೀನಿ, ಯಾರ ಮುಂದನೂ ಕೈ ಒಡ್ಡಂಗಿಲ್ಲ."

"ಆ ಆಣಿ ಇಟ್ಕೊಂಡು ಏನು ಉಪ್ಪು ಹಚ್ಚಿ ನೆಕ್ತೀಯೇನು? ಮೂಕಪ್ರಾಣಿ ಸಾಯ್ತದಲ್ಲ!" ಎಂದು ರೇಗಿದೆ. ಅತ್ತಳು. ಅತ್ತು ಅತ್ತು ಮೂಗು ಕೆಂಪಾಯಿತು. ಕೈ ಮಾತ್ರ ಒಡ್ಡಲಿಲ್ಲ. ಸಿಟ್ಟಿಗೆ ನಾನು ಅವಳ ಜೊತೆ ಮಾತು ಬಿಟ್ಟೆ. ಮಾತು ಬಿಟ್ಟರೇನು, ರಾತ್ರಿಯೆಲ್ಲ ಕಣ್ಣ ಮುಂದೆ ಚಂದ್ರಿಯೇ.

ಶನಿವಾರ ಬಳೆ ಮಾರುವ ಖಾಜಾಬಿ ಬಂದು ಅಂಗಡಿಯಲ್ಲಿ ಬುಟ್ಟಿ ಇಳಿಸಿದಳು. ಮೂಲೆಮನೆಯ ಸೊಸೆಯ ಕುಬಸ ಆಗಿತ್ತು, ಅವಳಿಗೆ ಹಸಿರು ಬಳೆ ತೊಡಿಸಿ ಬಂದಿದ್ದಳು. ಬಸುರಿಗೆ ಹಸಿರು ಸೀರೆ, ಹಸಿರು ಕುಬಸ ಕೊಟ್ಟು ಉಡಿ ತುಂಬುವ ಕಾರ್ಯ ಅದು. ಬಂದವರೆಲ್ಲ ಆಯೇರಿ ಮಾಡುತ್ತಾರೆ, ಅಂದರೆ ಕೈಲಾದಷ್ಟು ಬಟ್ಟೆಯೋ ರೊಕ್ಕವೋ ಕೊಡುತ್ತಾರೆ. ನಾನು ಹೊಲಿಯುತ್ತಲೇ ಭೀಮಬಾಯಿಯ ಸಂಗತಿ ಹೇಳಿ ಅವಳ ಹಟಕ್ಕೆ ಬೈದೆ.

"ಅರೆ, ಆ ಸೊಸಿನೂ ಬಸುರಿ, ಚಂದ್ರಿನೂ ಬಸುರಿ," ಎಂದು ನಕ್ಕಳು ಖಾಜಾಬಿ. "ಅಕಿಗಿ ಕುಬಸ ಅದ, ಇಕಿಗಿ ಇಲ್ಲೇನು?"

ಅವಳು ತಮಾಷೆಗೆ ಅಂದದ್ದು. ನನ್ನ ಕಾಲು ಮಾತ್ರ ಮಷೀನಿನ ಮೇಲೆ ಹಾಗೇ ನಿಂತಿತು.

ಯಾಕೆಂದರೆ ಆಯೇರಿಯನ್ನು ಯಾರೂ ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ನಂಟೇ ಬೇಡ ಅಂದ ಹಾಗೆ. ಇವತ್ತು ನಮ್ಮ ಮನೆಗೆ ಬಂದದ್ದು ನಾಳೆ ಅವರ ಮನೆಯ ಕಾರ್ಯಕ್ಕೆ ತಿರುಗಿ ಹೋಗಬೇಕು. ಈ ಓಣಿಯಲ್ಲಿ ಭೀಮಬಾಯಿ ಒಂದು ಮದುವೆ ತಪ್ಪಿಸಿದವಳಲ್ಲ, ಒಂದು ತೊಟ್ಟಿಲು ತಪ್ಪಿಸಿದವಳಲ್ಲ, ಕೂಸಿನ ಮೊದಲ ಕೂದಲು ತೆಗೆಸುವ ಜವಳವನ್ನೂ ತಪ್ಪಿಸಿದವಳಲ್ಲ. ಹಿಂದೆ ಗೋಡೆಗೆ ಒತ್ತಿ ನಿಂತು, ಎಲ್ಲ ಮುಗಿಯುವ ಹೊತ್ತಿಗೆ ತನ್ನದೊಂದು ಖಣ ಮುಂದೆ ಸರಿಸಿ ಹೋಗಿಬಿಡುತ್ತಿದ್ದಳು. ಗಂಡನಿಲ್ಲದವಳು, ಮಕ್ಕಳಿಲ್ಲದವಳು ಎಂದು ನಾವು ಯಾರೂ ಅವಳನ್ನು ಮುಂದೆ ಕರೆದಿರಲಿಲ್ಲ. ಅವಳ ಮನೆಯಲ್ಲಿ ಒಂದು ಕಾರ್ಯವೂ ಆಗಿರಲಿಲ್ಲ. ಓಣಿಯವರೆಲ್ಲ ಅವಳ ಆಯೇರಿ ತೊಟ್ಟಿದ್ದೆವು, ತಿರುಗಿಸಿದವರು ಒಬ್ಬರೂ ಇಲ್ಲ.

"ಖಾಜಾಬಿ, ನಾಳೆ ಐತವಾರ. ಹಸಿರು ಬಳಿ ಹಿಡ್ಕೊಂಡು ಬಾ" ಎಂದೆ.

ಮೂಲೆಮನೆಯ ಸೊಸೆಯ ಬಟ್ಟೆಯಲ್ಲಿ ಉಳಿದಿದ್ದ ಹಸಿರು ತುಂಡಿನಲ್ಲಿ ಚಂದ್ರಿಗೊಂದು ಕುಬಸ ಹೊಲಿದೆ. ಅಳತೆ ತೆಗೆಯುವಾಗ ನನ್ನ ಮುಖವೆಲ್ಲ ನೆಕ್ಕಿತು. ನಾಲ್ಕು ತೋಳಿಟ್ಟು, ಬೆನ್ನ ಮೇಲೆ ಹುಕ್ಕು ಹಚ್ಚಿ ಜಂಪರು ಹೊಲಿದದ್ದು ಅದೇ ಮೊದಲು!

ಐತವಾರ ಬೆಳಿಗ್ಗೆ ಭೀಮಬಾಯಿ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ರಾತ್ರಿಯೇ ಮನೆ ಮನೆಗೆ ಹೇಳಿ ಬಂದಿದ್ದಂತೆ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ ಹಿಡಿದುಕೊಂಡು ಓಣಿಯ ಹೆಂಗಸರೆಲ್ಲ ಒಳಗೆ ನುಗ್ಗಿದರು.

"ಏನಿದು? ಏನ್ ಮಾಡ್ಲಿಕತ್ತೀರಿ?"

"ನಿನ್ನ ಮಗಳ ಕುಬಸ. ತವರಿನ ತಾಯಿ ನೀ. ಕೈ ತೊಳ್ಕೊಂಡು ಬಂದು ಮುಂದ ಕುಂದ್ರು" ಎಂದೆ.

"ಹುಚ್ಚು ಹಿಡದದೇನು ನಿಮಗ? ನಾಯಿಗಿ ಕುಬಸ!" ಎಂದು ಅವಳು ನಗಲಿಕ್ಕೆ ಶುರುಮಾಡಿದಳು. ಖಾಜಾಬಿ ಚಂದ್ರಿಯ ಕೊರಳಿಗೆ ದಾರದಲ್ಲಿ ಹಸಿರು ಬಳೆ ಕಟ್ಟಿದಳು. ಕುಬಸ ತೊಡಿಸಿ ಆರತಿ ತರುವಷ್ಟರಲ್ಲಿ ತಟ್ಟೆಯ ಹೋಳಿಗೆ ಖಾಲಿ, ಬಸುರಿ ಬಾಯಿ ಚಪ್ಪರಿಸುತ್ತಿದ್ದಳು. ನಕ್ಕು ನಕ್ಕು ಎಲ್ಲರ ಕಣ್ಣಲ್ಲಿ ನೀರು ಬಂತು.

ಮೊದಲ ಆಯೇರಿ ಮುಂದೆ ಬಂದಾಗ ಭೀಮಬಾಯಿಯ ನಗು ನಿಂತಿತು. ಅರ್ಥವಾಗಿತ್ತು ಅವಳಿಗೆ. "ಶಾಂತಕ್ಕ, ನಾ ಬ್ಯಾಡ ಅಂದಿದ್ದೆ" ಎಂದು ಏಳಲಿಕ್ಕೆ ಹೋದಳು. ಮೂಲೆಮನೆಯ ಅತ್ತೆ ಅವಳ ಭುಜ ಒತ್ತಿ ಕೂರಿಸಿದಳು.

"ನನ್ನ ಹೆಣ್ಣುಮಕ್ಕಳ ಕುಬಸಕ್ಕ ನೀ ಮಾಡಿದ ಆಯೇರಿ ನಾ ತಗೊಂಡಿಲ್ಲೇನು? ನಂದು ಬ್ಯಾಡ ಅಂದಿ ಅಂದ್ರ ನಾಳಿಂದ ನನ್ನ ಹೊಸ್ತಿಲ ತುಳಿಬ್ಯಾಡ."

ಭೀಮಬಾಯಿ ನನ್ನ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಸೆರಗು ಒಡ್ಡಿದಳು. ಒಬ್ಬೊಬ್ಬರಾಗಿ ಅವಳ ಉಡಿ ತುಂಬಿದೆವು. ಅಷ್ಟು ವರ್ಷ ಗೋಡೆ ಹಿಡಿದು ನಿಂತವಳು ಅವತ್ತು ನಡುಮನೆಯಲ್ಲಿ ಕೂತಿದ್ದಳು. ನಾನು ಅಳಬಾರದು ಅಂದುಕೊಂಡಿದ್ದೆ, ಆಗಲಿಲ್ಲ.

ಮರುದಿನವೇ ಟಂಟಂ ಆಟೋ ಮಾಡಿಕೊಂಡು ಕಲಬುರಗಿಗೆ ಹೋದೆವು. ಬಾಗಿಲು ಹಾಕಿ ಆಪರೇಷನ್ ಮಾಡುವಾಗ ಭೀಮಬಾಯಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಡಾಕ್ಟರರು ಹೊರಗೆ ಬಂದು, "ತಾಯಿ ಉಳಿದಾಳ್ರಿ, ಮರಿ ಮೂರೂ ಆರಾಮ ಅವ" ಎಂದಾಗ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು. "ಹೊಲಿಗಿ ನೆಕ್ಕಬಾರದು. ಹೊಟ್ಟಿಗಿ ಏನರ ಮೆತ್ತನ ಬಟ್ಟಿ ಹಾಕ್ರಿ, ಹಾಲು ಕುಡಿಸೋ ಮುಂದ ಅಷ್ಟೇ ಬಿಚ್ರಿ" ಎಂದರು ಡಾಕ್ಟರರು. ಭೀಮಬಾಯಿ ಚೀಲದಿಂದ ಹಸಿರು ಕುಬಸ ತೆಗೆದಳು. "ಇದನ್ನ ಯಾವ ಟೇಲರ್ ಹೊಲಿದಾರ್ರಿ?" ಎಂದು ಡಾಕ್ಟರರು ಕೇಳಿದಾಗ ನನಗೆ ಎಷ್ಟು ಹೆಮ್ಮೆ ಅಂತೀರಿ!

ಆಮೇಲೆ ನಮ್ಮ ಓಣಿಯಲ್ಲಿ ಅದೇ ರೂಢಿಯಾಯಿತು. ಯಾರದೋ ಆಡು ಮೇವು ಬಿಟ್ಟರೆ, ಯಾರ ಮನೆಯ ಬೆಕ್ಕಿನ ಕಾಲು ಮುರಿದರೆ, "ಯಾರ ಮನೀದು ಕುಬಸ?" ಎಂದು ಕೇಳುವುದು, ಹೋಗಿ ಆಯೇರಿ ಮಾಡುವುದು. ಎಲ್ಲರಿಗಿಂತ ಮುಂಚೆ ಭೀಮಬಾಯಿ ಹೋಗಿರುತ್ತಿದ್ದಳು.

ಈಗ ಆ ಓಣಿ ಹಾಗಿಲ್ಲ. ಮನೆ ಮನೆಗೆ ಟೈಲ್ಸು ಬಂದವು, ಪರ್ಸಿ ಕೇಳುವವರು ಕಡಿಮೆಯಾದರು, ಜನ ಚದುರಿದರು. ಖಾಜಾಬಿ ತೀರಿಕೊಂಡಳು. ಚಂದ್ರಿಯೂ ವಯಸ್ಸಾಗಿ ಭೀಮಬಾಯಿಯ ತೊಡೆಯ ಮೇಲೆಯೇ ಕಣ್ಣು ಮುಚ್ಚಿತು. ಭೀಮಬಾಯಿ ಈಗ ಕಾಳಗಿಯಲ್ಲಿ ತಂಗಿಯ ಹತ್ತಿರ ಇದ್ದಾಳೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಸೇಡಂನಲ್ಲಿ ಮಗಳ ಮನೆ ಸೇರಿದೆ. ಜೊತೆಗೆ ಬಂದವನು ಕರಿಯ, ಚಂದ್ರಿಯ ಆ ಮೂರು ಮರಿಗಳಲ್ಲಿ ನಾನು ಸಾಕಿಕೊಂಡವನು.

ಹೋದ ವರ್ಷ ಕರಿಯನಿಗೆ ಉಚ್ಚೆ ಕಟ್ಟಿತು. ಒಳಗೆ ಕಲ್ಲಾಗಿವೆ, ಆಪರೇಷನ್ ಬೇಕು ಎಂದರು. ನನ್ನ ಕಣ್ಣು ಮಂಜಾಗಿ ಹೊಲಿಗೆ ನಿಂತಿತ್ತು. ಅಳಿಯನ ಮುಂದೆ ಮುದಿ ನಾಯಿಗಾಗಿ ಕೈ ಒಡ್ಡುವುದು ಹೇಗೆ? ಸುಮ್ಮನಿದ್ದೆ. ಭೀಮಬಾಯಿ ಫೋನು ಮಾಡಿದಾಗ ಬಾಯಿ ತಪ್ಪಿ ಅಂದುಬಿಟ್ಟೆ. ಮರುದಿನ ಮೊದಲ ಬಸ್ಸಿಗೆ ಬಂದಿಳಿದಳು.

"ಆಯೇರಿ ತಂದೀನಿ" ಎಂದಳು.

"ಏ ಹುಚ್ಚಿ, ಇದು ಗಂಡುನಾಯಿ. ಇದಕ್ಕೂ ಕುಬಸ ಮಾಡ್ತೀಯೇನು?"

"ಕುಬಸ ಯಾಕ? ಆಪರೇಷನ್ ಮಾಡೋ ಮುಂದ ಹೊಟ್ಟಿ ಕೂದಲಾ ಬೋಳಸ್ತಾರಲ್ಲ, ನನ್ನ ಮೊಮ್ಮಗನ ಜವಳ ಅಂತ ತಿಳ್ಕೊ."

ನಗು ಬಂತು, ಆದರೂ ಬೇಡ ಎಂದೆ. ನಿನಗೇ ಕಷ್ಟ ಎಂದೆ. ಅವಳು ಬಾಗಿಲಲ್ಲೇ ನಿಂತಳು. "ಬ್ಯಾಡ ಅನ್ನು, ಇನ್ನ ನಿನ್ನ ಹೊಸ್ತಿಲ ತುಳಿಯಂಗಿಲ್ಲ ನೋಡು."

ಕರಿಯ ಈಗ ಆರಾಮಾಗಿದ್ದಾನೆ. ಇದನ್ನು ಮಗಳ ಕೈಯಿಂದ ಬರೆಸುವಾಗಲೂ ನನ್ನ ಕಾಲ ಹತ್ತಿರವೇ ಮಲಗಿದ್ದಾನೆ. ಭೀಮಬಾಯಿಗೆ ಆಯೇರಿ ಮಾಡಿ ಪ್ರಾಣಿ ಉಳಿಸಿದೆ ಎಂದು ನಾನು ಎಷ್ಟೋ ವರ್ಷ ಎದೆಯುಬ್ಬಿಸಿಕೊಂಡು ಹೇಳಿಕೊಂಡು ತಿರುಗಿದ್ದೆ. ಅವಳ ಮುಂದೆ ಸೆರಗು ಒಡ್ಡಿ ನಿಂತಾಗ ತಿಳಿಯಿತು, ಅವತ್ತು ನಡುಮನೆಯಲ್ಲಿ ನಮ್ಮ ಕೈಯಿಂದ ತೆಗೆದುಕೊಂಡು ದೊಡ್ಡ ಮನಸ್ಸು ಮಾಡಿದವಳು ಭೀಮಬಾಯಿ.